ಬೇಸ್ ಮತ್ತು ಡ್ರಮ್ಸ್ ಮಾತ್ರ ಇರುವ ಬ್ಯಾಂಡಿಗೆ ಯಾವ ಬೇಸ್ ಗಿಟಾರ್ ತೆಗೆದುಕೊಳ್ಳಲಿ?

ಅಡಿಕೆಕೊಟ್ಟಿಗೆ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾವು ಮೂವರು ಸೇರಿ ಮೂರು ವರ್ಷದಿಂದ ನುಡಿಸುತ್ತಿದ್ದೆವು. ಕನ್ನಡ, ತುಳು ಹಾಡುಗಳು, ಎಲ್ಲ ನಾವೇ ಬರೆದದ್ದು. ಗಿಟಾರ್‌ನವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು, ಹೋದ. ಉಳಿದದ್ದು ನಾನು ಮತ್ತು ನನ್ನ ಸೋದರತ್ತೆಯ ಮಗ. ನಾನು ಬೇಸ್ ನುಡಿಸುತ್ತಾ ಹಾಡುತ್ತೇನೆ. ಭಾವನದ್ದು ಡ್ರಮ್ಸ್. ಹೊಸಬರನ್ನು ಹುಡುಕಿ ಹುಡುಕಿ ಸಾಕಾಯಿತು. ಒಂದು ಸಂಜೆ, ಬರುತ್ತೇನೆ ಎಂದವರು ಬರಲಿಲ್ಲ. ಕಾದು ಕಾದು ಇಬ್ಬರೇ ಶುರು ಮಾಡಿದೆವು. ಹಾಡಿನ ಮಾತು ಒಂದೊಂದೂ ಸ್ಪಷ್ಟ ಕೇಳಿಸಿತು. ಭಾವ ಸ್ನೇರ್ ಮೇಲೆ ಹಾಕುವ ಸಣ್ಣ ಸಣ್ಣ ಪೆಟ್ಟು ಕೂಡ ನನಗೆ ಅವತ್ತೇ ಮೊದಲು ಕೇಳಿಸಿದ್ದು. ಇನ್ನು ಇಬ್ಬರೇ ಎಂದು ಅವತ್ತೇ ತೀರ್ಮಾನ ಮಾಡಿದೆವು.

ತೊಂದರೆ ಏನೆಂದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಬೇಸ್ ಇಲ್ಲವೇ ಇಲ್ಲ. ಡ್ರಮ್ಸ್ ಇದೆ, ನನ್ನ ದನಿ ಇದೆ, ನಡುವೆ ಟೊಳ್ಳು. ಈಗಿನ ಬೇಸ್ ಸೆಕೆಂಡ್ ಹ್ಯಾಂಡ್, ನೆಕ್ ಬಾಗಿದೆ, ಏಳನೇ ಫ್ರೆಟ್‌ನಿಂದ (ನೆಕ್ ಮೇಲಿನ ಅಡ್ಡಪಟ್ಟಿ) ಮೇಲೆ ಜರ್ ಎನ್ನುತ್ತದೆ. ಹೊಸದು ತೆಗೆದುಕೊಳ್ಳಬೇಕು. ಕೈಯಲ್ಲಿ 35 ಸಾವಿರ ಇದೆ. ಅಡಿಕೆ ಮಾರಿದ ದುಡ್ಡು, ಮನೆಯವರು ಖುಷಿಯಿಂದಲೇ ಕೊಟ್ಟದ್ದು, ಹಾಗಾಗಿ ಸುಮ್ನೆ ಕಳೆಯುವ ಹಾಗಿಲ್ಲ.

ಪ್ರಿಸಿಷನ್ ತರಹದ್ದೋ, ಜಾಝ್ ತರಹದ್ದೋ? ಐದು ತಂತಿಯದ್ದು ತೆಗೆದುಕೊಂಡರೆ ಟೊಳ್ಳು ತುಂಬುತ್ತದಾ? ಆ್ಯಕ್ಟಿವ್, ಅಂದರೆ ಒಳಗೆ ಬ್ಯಾಟರಿ ಹಾಕುವಂಥದ್ದು, ಬೇಕಾ? ನಮ್ಮ ಅಭ್ಯಾಸ ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ, ಮೇಲೆ ತಗಡಿನ ಶೀಟು. ಒಂದು 40 ವಾಟ್‌ನ ಬೇಸ್ ಆಂಪ್ ಇದೆ. ಗಿಟಾರ್‌ನವನು ಬಿಟ್ಟುಹೋದ ಗಿಟಾರ್ ಆಂಪ್ ಕೂಡ ಮೂಲೆಯಲ್ಲಿದೆ.

ಉಪ್ಪಳ ಸೌಂಡ್:

ನಾನು ಸೌಂಡ್ ಸಿಸ್ಟಮ್ ಕೆಲಸದವನು. ತಲಪಾಡಿಯಿಂದ ಕಾಸರಗೋಡಿನವರೆಗೆ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಮದುವೆ, ಎಲ್ಲ ಕಡೆ ಸ್ಪೀಕರ್ ಹೊತ್ತಿದ್ದೇನೆ. ಬೇಸ್‌ನ ಬ್ರ್ಯಾಂಡ್ ಬಗ್ಗೆ ಬೇರೆಯವರು ಹೇಳಲಿ. ನಾನು ಟೊಳ್ಳಿನ ಬಗ್ಗೆ ಹೇಳುತ್ತೇನೆ.

ನಿಮ್ಮ ಅತ್ಯಂತ ದಪ್ಪ ತಂತಿ ಇ. ಅದನ್ನು ಎಲ್ಲೂ ಒತ್ತದೆ ಮೀಟಿದರೆ 41 ಹರ್ಟ್ಜ್. ಎ ತಂತಿ 55. ಡಿ 73, ಜಿ 98. ಗಿಟಾರ್‌ನ ಅತ್ಯಂತ ದಪ್ಪ ತಂತಿಯೇ 82ರಿಂದ ಶುರು. ಅಂದರೆ ಗಿಟಾರ್ ಹೋದಾಗ ನಿಮ್ಮಲ್ಲಿ ಖಾಲಿಯಾದದ್ದು ಕೆಳಗಿನ ಮನೆಯಲ್ಲ. ಕೆಳಗೆ ನೀವೂ ಇದ್ದೀರಿ, ಭಾವನ ಕಿಕ್ ಡ್ರಮ್ಮೂ ಇದೆ. ಖಾಲಿಯಾದದ್ದು ನಡುಮನೆ, ಸುಮಾರು 200ರಿಂದ 2000 ಹರ್ಟ್ಜ್ ತನಕ. ಐದನೇ ತಂತಿ ತಂದರೆ 31 ಹರ್ಟ್ಜ್‌ಗೆ ಇಳಿಯುತ್ತೀರಿ. ತುಂಬಿದ ಜಾಗಕ್ಕೇ ಇನ್ನೊಂದು ಮೂಟೆ ತಂದು ಹಾಕಿದ ಹಾಗೆ. ನಿಮ್ಮ 40 ವಾಟ್ ಆಂಪ್ ಅದನ್ನು ಕೊಡಲಾರದು. ನಮ್ಮ ಕಡೆ ಬಾಡಿಗೆಗೆ ಸಿಗುವ ಹೆಚ್ಚಿನ ಸಬ್‌ವೂಫರ್‌ಗಳೂ ಅಷ್ಟು ಕೆಳಗೆ ಸರಿಯಾಗಿ ಕೊಡುವುದಿಲ್ಲ.

ಫೋನಿನ ಸ್ಪೀಕರ್‌ನಲ್ಲಿ 41 ಹರ್ಟ್ಜ್ ಬರುವುದೇ ಇಲ್ಲ. ಆದರೂ ಒಳ್ಳೆಯ ರೆಕಾರ್ಡಿಂಗ್ ಆದರೆ ಫೋನಿನಲ್ಲೂ ಬೇಸ್ ಗೊತ್ತಾಗುತ್ತದೆ, ಅಲ್ವಾ? ಯಾಕೆಂದರೆ ಒಂದು ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಬರುತ್ತವೆ. 82, 123, 164, ಹೀಗೆ. ಮೇಲಿನವು ಕೇಳಿದರೆ ಸಾಕು, ಕೆಳಗಿನದ್ದನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ನಡುವಿನ ನಾದ ಗಟ್ಟಿಯಾಗಿರುವ ಬೇಸ್.

ಇನ್ನೊಂದು ವಿಷಯ. ನಮ್ಮ ಕಡೆ ಸ್ಟೇಜ್‌ನಲ್ಲಿ ಬೇಸ್ ಆಂಪ್ ಸಿಗುವುದು ಅಪರೂಪ. ನೇರ ಮಿಕ್ಸರ್‌ಗೆ ಹಾಕುತ್ತೇವೆ. ಬೇಸ್‌ನ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಒಂದು ಡಿಐ ಬಾಕ್ಸ್‌ಗೆ ದುಡ್ಡು ಎತ್ತಿಡಿ.

ನಾಲ್ಕು ತಂತಿ, ಕುಂಬಳೆ:

ಸೌಂಡ್ ಅಣ್ಣ ಹೇಳಿದ್ದು ಸರಿ. ನಾನು ಹತ್ತು ವರ್ಷದಿಂದ ಮಂಗಳೂರಿನಲ್ಲಿ ಬೇಸ್ ನುಡಿಸುತ್ತಿದ್ದೇನೆ. ನನ್ನ ಮಾತು ನೇರ: ಪ್ರಿಸಿಷನ್ ತರಹದ್ದು ತೆಗೆದುಕೊಳ್ಳಿ. ಯಾಕೆ ಎಂದು ಹೇಳುತ್ತೇನೆ.

ಫೆಂಡರ್‌ನವರು ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ತಂತಿಯ ಕಂಪನ ಹಿಡಿಯುವ ಪಿಕಪ್, ಈಗ ನಾವು ನೋಡುವ ಎರಡು ತುಂಡಿನದ್ದು, ಬಂದದ್ದು 1957ರಲ್ಲಿ. ಇ ಮತ್ತು ಎ ತಂತಿಗೆ ಒಂದು ತುಂಡು, ಡಿ ಮತ್ತು ಜಿ ತಂತಿಗೆ ಇನ್ನೊಂದು. ಎರಡನ್ನೂ ಒಂದಕ್ಕೊಂದು ಉಲ್ಟಾ ಸುತ್ತಿರುವುದರಿಂದ ಕರೆಂಟಿನ ಗುಂಯ್ ಸದ್ದು ಒಂದರದ್ದು ಇನ್ನೊಂದು ಕಳೆಯುತ್ತದೆ. ನಮ್ಮ ಊರಿಗೆ ಇದು ದೊಡ್ಡ ವಿಷಯ. ಹಳೆಯ ಸಭಾಂಗಣ, ಟ್ಯೂಬ್‌ಲೈಟ್, ಜನರೇಟರ್, ಬೇಸಿಗೆಯಲ್ಲಿ ಒಣಗಿದ ಅರ್ತಿಂಗ್ ಗುಂಡಿ. ಎಲ್ಲ ಸೇರಿ ಗುಂಯ್ ಎನ್ನುತ್ತವೆ. ಮೂವರು ಇರುವಾಗ ಆ ಸದ್ದು ಮುಚ್ಚಿಹೋಗುತ್ತಿತ್ತು. ಇಬ್ಬರೇ ಇರುವಾಗ ಪ್ರತಿ ಮೌನದಲ್ಲೂ ಎದ್ದು ಕೇಳುತ್ತದೆ.

ಜಾಝ್ ಬೇಸ್ 1960ರದ್ದು. ಎರಡು ಪಿಕಪ್. ಎರಡರ ವಾಲ್ಯೂಮ್ ಸಮ ಇಟ್ಟರೆ ಗುಂಯ್ ಇಲ್ಲ, ಒಂದನ್ನೇ ಇಟ್ಟರೆ ಇದೆ. ನೆಕ್ ತೆಳ್ಳಗೆ, ಬೆರಳಿಗೆ ಸುಲಭ. ಆದರೆ ಎರಡೂ ಪಿಕಪ್ ಪೂರ್ತಿ ತೆರೆದಾಗ ನಡುವಿನ ನಾದ ಸ್ವಲ್ಪ ಒಳಗೆ ಸರಿಯುತ್ತದೆ. ದೊಡ್ಡ ಬ್ಯಾಂಡಿನಲ್ಲಿ ಅದು ಚಂದ, ಬೇರೆ ವಾದ್ಯಗಳಿಗೆ ಜಾಗ ಬಿಡುತ್ತದೆ. ನೀವು ಯಾರಿಗೆ ಜಾಗ ಬಿಡಬೇಕು ಮಾರಾಯ್ರೆ? ಇರುವುದೇ ಇಬ್ಬರು.

ಪಿ (ಪ್ರಿಸಿಷನ್‌ನದ್ದು) ಮತ್ತು ಜೆ (ಜಾಝ್‌ನದ್ದು) ಎರಡೂ ಪಿಕಪ್ ಇರುವವೂ ಸಿಗುತ್ತವೆ. ಸ್ಕ್ವಯರ್‌ನ ಅಫಿನಿಟಿ ಪಿಜೆ, ಯಮಾಹಾದ ಟಿಆರ್‌ಬಿಎಕ್ಸ್ 174. ಈ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ.

ಕಿರುಬೆರಳು, ಮಂಜೇಶ್ವರ:

ನನ್ನ ಅಭಿಪ್ರಾಯ ಬೇರೆ. ನಾನೂ ಹಾಡುತ್ತಾ ಬೇಸ್ ನುಡಿಸುತ್ತೇನೆ, ಮತ್ತು ನನ್ನ ಕೈ ಚಿಕ್ಕದು. ಶಾರ್ಟ್ ಸ್ಕೇಲ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಸಾಮಾನ್ಯ ಬೇಸ್‌ನ ತಂತಿ ಉದ್ದ 34 ಇಂಚು. ಶಾರ್ಟ್ ಸ್ಕೇಲ್ 30 ಇಂಚು. ಒಂದೇ ದಪ್ಪದ ತಂತಿ, ಒಂದೇ ಶ್ರುತಿ ಆದರೆ ಎಳೆತ ಸುಮಾರು 22 ಶೇಕಡ ಕಡಿಮೆ. ಉದ್ದದ ವರ್ಗಕ್ಕೆ ತಕ್ಕ ಹಾಗೆ ಎಳೆತ ಇಳಿಯುತ್ತದೆ, ಲೆಕ್ಕ ಹಾಕಿ ನೋಡಿ. ಇಬ್ಬರೇ ಇರುವಾಗ ಬೇಸ್‌ನವರು ಒಂದೊಂದೇ ಸ್ವರ ಹಿಡಿದು ಕೂರುವ ಹಾಗಿಲ್ಲ. ಎರಡು ತಂತಿ ಒಟ್ಟಿಗೆ ಒತ್ತಬೇಕು, ತಂತಿ ಎಳೆದು ಸ್ವರ ಜಾರಿಸಬೇಕು, ಮೇಲಿನ ಫ್ರೆಟ್‌ಗೆ ಓಡಿ ವಾಪಸ್ ಬರಬೇಕು, ಅದೂ ಹಾಡುತ್ತಾ. ಶಾರ್ಟ್ ಸ್ಕೇಲ್‌ನಲ್ಲಿ ಅದು ನಿಜವಾಗಿ ಸುಲಭ.

ಇಂಗ್ಲೆಂಡಿನ ರಾಯಲ್ ಬ್ಲಡ್ ಎಂಬ ಜೋಡಿ ಇದೆಯಲ್ಲ, 2014ರಲ್ಲಿ ಮೊದಲ ಆಲ್ಬಂ ತಂದವರು. ಅದರ ಮೈಕ್ ಕೆರ್ ಬೇಸ್ ನುಡಿಸುತ್ತಾ ಹಾಡುತ್ತಾರೆ. ಅವರ ಹೆಸರು ಕೇಳಿದರೆ ನೆನಪಾಗುವುದೇ ಗ್ರೆಚ್‌ನ ಶಾರ್ಟ್ ಸ್ಕೇಲ್ ಬೇಸ್.

ಸ್ಕ್ವಯರ್ ಬ್ರಾಂಕೊ, ಐಬನೆಝ್ ಟಾಲ್ಮನ್ ಸರಣಿಯ 30 ಇಂಚಿನದು, ಇವೆರಡನ್ನು ನೋಡಿ. ಭಾರವೂ ಕಡಿಮೆ. ಎರಡು ಗಂಟೆ ನಿಂತು ಹಾಡುವವರಿಗೆ ಭುಜ ಮುಖ್ಯ.

ನಾಲ್ಕು ತಂತಿ, ಕುಂಬಳೆ:

ಅಕ್ಕಾ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಅವರು ಸ್ಟ್ಯಾಂಡರ್ಡ್ ಶ್ರುತಿಯಲ್ಲೇ ಇದ್ದರೆ ಶಾರ್ಟ್ ಸ್ಕೇಲ್ ಚೆನ್ನ. ಇ ತಂತಿಯನ್ನು ಡಿ ತನಕ ಇಳಿಸಿದರೆ ಅದು 36.7 ಹರ್ಟ್ಜ್. 30 ಇಂಚಿನಲ್ಲಿ ಮೊದಲೇ ಸಡಿಲ ಇರುವ ತಂತಿ ಇನ್ನೂ ಜೋಲುತ್ತದೆ. ಜೋರಾಗಿ ಮೀಟಿದಾಗ ಮೊದಲು ಸ್ವರ ಮೇಲೆ ಹೋಗಿ ಆಮೇಲೆ ಕೆಳಗೆ ಬಂದು ಕೂರುತ್ತದೆ. ದಪ್ಪ ತಂತಿ ಹಾಕಿದರೆ ಸ್ವಲ್ಪ ಸರಿಯಾಗುತ್ತದೆ.

ಬದಿಯಡ್ಕದವರು ಹೇಳಲಿ, ಶ್ರುತಿ ಇಳಿಸುತ್ತೀರಾ?

ಅಡಿಕೆಕೊಟ್ಟಿಗೆ, ಬದಿಯಡ್ಕ:

ಹೌದು, ಅರ್ಧಕ್ಕರ್ಧ ಹಾಡು ಡಿ ಗೆ ಇಳಿಸಿಯೇ ನುಡಿಸುವುದು. ನನ್ನ ದನಿಗೆ ಡಿ ಸರಿ ಕೂರುತ್ತದೆ.

ಎರಡು ತಂತಿ ಒಟ್ಟಿಗೆ ಒತ್ತಿದರೆ ನನ್ನದು ಗೊಜಗೊಜ ಕೇಳುತ್ತದೆ. ಅದು ಬೇಸ್‌ನ ದೋಷವಾ, ನನ್ನದಾ?

ಕಿರುಬೆರಳು, ಮಂಜೇಶ್ವರ:

ಎರಡೂ ಅಲ್ಲ, ಸ್ವರಗಳ ಅಂತರ. ಕೆಳಗಿನ ಸ್ವರಗಳನ್ನು ಹತ್ತಿರ ಹತ್ತಿರ ಇಟ್ಟರೆ ಯಾವ ಬೇಸ್‌ನಲ್ಲೂ ಗೊಜಗೊಜವೇ. ದೂರ ಇಡಿ. ಇ ತಂತಿಯ ಮೂರನೇ ಫ್ರೆಟ್ ಜಿ ಸ್ವರ. ಅದರ ಜೊತೆಗೆ ಜಿ ತಂತಿಯ ನಾಲ್ಕನೇ ಫ್ರೆಟ್ ಒತ್ತಿ. ಜಿ ಮೇಜರ್ ಎಂದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ನಾಲ್ಕನ್ನು ಬಿಟ್ಟು ಮೂರನೇ ಫ್ರೆಟ್ ಒತ್ತಿದರೆ ಮೈನರ್. ನಡುವಿನ ಎರಡು ತಂತಿ ಸುಮ್ಮನಿರಲಿ. ಎರಡೇ ಸ್ವರ, ಆದರೆ ಪೂರ್ತಿ ಕಾರ್ಡ್ ನಿಂತ ಹಾಗೆ ಕೇಳುತ್ತದೆ. ಎಲ್ಲವನ್ನೂ ಒಂದೇ ದಿನದಲ್ಲಿ ಕಲಿಯುವ ಅಗತ್ಯ ಇಲ್ಲ, ಮೊದಲು ಈ ಒಂದು ಹಿಡಿತವನ್ನು ಒಂದು ವಾರ ನುಡಿಸಿ.

ಎ ತಂತಿಯನ್ನು ತೆರೆದು ಬಿಟ್ಟು, ಡಿ ಮತ್ತು ಜಿ ತಂತಿಯಲ್ಲಿ ಹಾಡಿನ ಧಾಟಿ ನುಡಿಸುವುದು ಇನ್ನೊಂದು ದಾರಿ. ತಂಬೂರಿ ಹಿಡಿದು ಹಾಡಿದ ಹಾಗೆ ಆಗುತ್ತದೆ.

ಮದ್ದಳೆ ಮನೆ, ಮುಳ್ಳೇರಿಯ:

ನನಗೆ ಬೇಸ್ ಗಿಟಾರ್ ನುಡಿಸಲು ಬರುವುದಿಲ್ಲ. ಮಗ ಈ ಚರ್ಚೆ ತೋರಿಸಿದ. ಮೂವತ್ತು ವರ್ಷದಿಂದ ತೆಂಕುತಿಟ್ಟಿನ ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದೇನೆ, ಅದರಿಂದ ಒಂದು ಮಾತು ಹೇಳಬಹುದು ಅನಿಸಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಕಡಿಮೆ ಜನರಲ್ಲಿ ರಂಗ ತುಂಬಿಸುವುದು ಹೊಸತಲ್ಲ. ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ, ಶ್ರುತಿ. ಇಷ್ಟರಲ್ಲಿ ರಾತ್ರಿ ಬೆಳಗಾಗುತ್ತದೆ. ಯಾರಿಗೂ ಟೊಳ್ಳು ಅನಿಸುವುದಿಲ್ಲ. ಯಾಕೆ?

ಮೊದಲನೆಯದು ಶ್ರುತಿ. ಮದ್ದಳೆಯ ಬಲಗಡೆಯ ಮುಖವನ್ನು ನಾವು ಭಾಗವತರ ಶ್ರುತಿಗೆ ಸೇರಿಸಿಯೇ ಕೂರುವುದು. ಭಾಗವತರು ಬದಲಾಗಿ ಶ್ರುತಿ ಏರಿದರೆ ಮದ್ದಳೆಯೂ ಬದಲು. ಪೆಟ್ಟೇ ಸ್ವರವಾಗಿ ಹಾಡಿನೊಳಗೆ ಸೇರುತ್ತದೆ. ನಿಮ್ಮ ಭಾವನಿಗೆ ಕೇಳಿ, ಅವರ ದೊಡ್ಡ ಡ್ರಮ್ಮು, ನೆಲದ ಮೇಲೆ ಇಡುವ ಆ ಟಾಮ್, ನಿಮ್ಮ ಡಿ ಸ್ವರಕ್ಕೆ ಹೊಂದಿಕೊಂಡಿದೆಯಾ ಎಂದು. ಹೊಂದದೆ ಇದ್ದರೆ ಎರಡು ವಾದ್ಯ ಒಟ್ಟಿಗೆ ಇದ್ದರೂ ಪ್ರತ್ಯೇಕ ಪ್ರತ್ಯೇಕ ಕೇಳುತ್ತವೆ.

ಎರಡನೆಯದು ಸುಮ್ಮನಿರುವುದು. ಶಾಂತವಾದ ಪದ್ಯಕ್ಕೆ ಚೆಂಡೆಯವರು ಕೋಲು ಕೆಳಗಿಟ್ಟು ನಿಲ್ಲುತ್ತಾರೆ. ಮದ್ದಳೆ ಮಾತ್ರ. ಆಮೇಲೆ ವೀರರಸದ ಪದ್ಯ ಬಂದು ಚೆಂಡೆಗೆ ಪೆಟ್ಟು ಬಿದ್ದಾಗ ಇಡೀ ಗದ್ದೆ ಎದ್ದು ಕೂರುತ್ತದೆ. ಇಡೀ ರಾತ್ರಿ ಚೆಂಡೆ ಬಾರಿಸಿದ್ದರೆ ಆ ಪೆಟ್ಟಿಗೆ ಬೆಲೆ ಇರುತ್ತಿರಲಿಲ್ಲ. ನೀವು ಟೊಳ್ಳು ತುಂಬಬೇಕು ತುಂಬಬೇಕು ಎಂದು ಓಡುತ್ತಿದ್ದೀರಿ. ಸ್ವಲ್ಪ ಜಾಗ ಖಾಲಿಯೂ ಇರಲಿ, ಆದರೆ ಯಾವಾಗ ಖಾಲಿ ಎಂದು ನೀವೇ ತೀರ್ಮಾನ ಮಾಡಿ.

ವಾದ್ಯ ಆರಿಸುವಾಗ ಅಂಗಡಿಗೆ ಒಬ್ಬರೇ ಹೋಗಬೇಡಿ. ಮದ್ದಳೆಯನ್ನು ನಾವು ಹಾಡಿನ ಜೊತೆ ಬಾರಿಸಿ ನೋಡಿಯೇ ತೆಗೆದುಕೊಳ್ಳುವುದು.

ಎರಡು ಕೋಲು, ಬದಿಯಡ್ಕ:

ನಾನೇ ಆ ಭಾವ. ಮದ್ದಳೆ ಮಾವನವರ ಮಾತು ಓದಿ ನಿನ್ನೆ ರಾತ್ರಿಯೇ ಕೊಟ್ಟಿಗೆಗೆ ಹೋದೆ. ಫ್ಲೋರ್ ಟಾಮ್ ಬಿಗಿ ಮಾಡಿ ಮಾಡಿ ಡಿ ಸ್ವರಕ್ಕೆ ತಂದೆ. ಕಿಕ್ ಡ್ರಮ್ಮಿನೊಳಗೆ ತುರುಕಿದ್ದ ಕಂಬಳಿಯಲ್ಲಿ ಅರ್ಧ ತೆಗೆದೆ. ಮೂವರು ಇದ್ದಾಗ ಕಿಕ್ ಟಪ್ ಎಂದರೆ ಸಾಕಿತ್ತು. ಈಗ ಅದಕ್ಕೆ ಸ್ವಲ್ಪ ಉದ್ದದ ಗುಂಗು ಬೇಕು. ಇವನು ಮೇಲಿನ ಫ್ರೆಟ್‌ಗೆ ಹೋದಾಗ ಕೆಳಗೆ ಯಾರೂ ಇರುವುದಿಲ್ಲ, ಆಗ ನಾನು ಫ್ಲೋರ್ ಟಾಮ್‌ಗೆ ಇಳಿಯುತ್ತೇನೆ. ಇವನು ಕೆಳಗೆ ಬಂದರೆ ನಾನು ರೈಡ್ ಸಿಂಬಲ್‌ಗೆ ಹೋಗುತ್ತೇನೆ.

ಬೇಸ್ ಇನ್ನೂ ಹಳೆಯದೇ. ಆದರೂ ಟೊಳ್ಳು ಸ್ವಲ್ಪ ಕಡಿಮೆಯಾಗಿದೆ, ಸತ್ಯ.

ಉಪ್ಪಳ ಸೌಂಡ್:

ಈಗ ಆ ಮೂಲೆಯಲ್ಲಿರುವ ಗಿಟಾರ್ ಆಂಪ್ ಬಗ್ಗೆ ಹೇಳುತ್ತೇನೆ. ಅದು ನಿಮ್ಮ ಮೂರನೆಯವನು.

ಬೇಸ್‌ನ ಸಿಗ್ನಲನ್ನು ಎರಡು ಮಾಡಿ. ಒಂದು ಸೀದಾ ಬೇಸ್ ಆಂಪ್‌ಗೆ, ಏನೂ ಸೇರಿಸದೆ, ಶುದ್ಧವಾಗಿ. ಇನ್ನೊಂದು ಸ್ವರವನ್ನು ಒಂದು ಸ್ಥಾಯಿ ಏರಿಸುವ ಆಕ್ಟೇವ್ ಪೆಡಲ್‌ಗೆ, ಅಲ್ಲಿಂದ ಸದ್ದನ್ನು ಒರಟು ಮಾಡುವ ಫಝ್ ಅಥವಾ ಡಿಸ್ಟಾರ್ಷನ್‌ಗೆ, ಅಲ್ಲಿಂದ ಗಿಟಾರ್ ಆಂಪ್‌ಗೆ. ಆಕ್ಟೇವ್ ಮೇಲೆ ಇಟ್ಟರೆ ನಿಮ್ಮ 41 ಹರ್ಟ್ಜ್ 82 ಆಗುತ್ತದೆ. ಅದು ಗಿಟಾರ್‌ನ ದಪ್ಪ ತಂತಿಯದ್ದೇ ಶ್ರುತಿ. ಆಕ್ಟೇವ್ ಮೊದಲು, ಫಝ್ ಆಮೇಲೆ. ಉಲ್ಟಾ ಇಟ್ಟರೆ ಆಕ್ಟೇವ್ ಪೆಡಲ್‌ಗೆ ಸ್ವರ ಗುರುತು ಹಿಡಿಯಲು ಕಷ್ಟ, ತೊದಲುತ್ತದೆ.

ಎಲ್ಲವನ್ನೂ ಒಂದೇ ಫಝ್‌ನಲ್ಲಿ ಹಾಕಿ ಒಂದೇ ಆಂಪ್‌ಗೆ ಕಳಿಸಿದರೆ ಕೆಳಗಿನ ನಾದ ತೆಳುವಾಗಿ ಹೋಗುತ್ತದೆ. ಪೆಡಲ್ ಒತ್ತಿದಾಗ ಜೋರಾಗುವ ಬದಲು ಬ್ಯಾಂಡೇ ಚಿಕ್ಕದಾದ ಹಾಗೆ ಕೇಳುತ್ತದೆ. ಅದಕ್ಕೇ ಶುದ್ಧ ದಾರಿ ಯಾವಾಗಲೂ ತೆರೆದಿರಬೇಕು.

ಗಿಟಾರ್ ಆಂಪ್‌ಗೆ ಹೋಗುವ ದಾರಿಯಲ್ಲಿ ಕೆಳಗಿನ ಸದ್ದನ್ನು ತೆಗೆಯಿರಿ, ಆಂಪ್‌ನ ಬೇಸ್ ನಾಬ್ ಪೂರ್ತಿ ಇಳಿಸಿ. ಗಿಟಾರ್ ಸ್ಪೀಕರ್ ಬೇಸ್‌ನ ಪೂರ್ತಿ ಹೊಡೆತ ತಡೆಯುವುದಿಲ್ಲ, ಕೋನ್ ಹರಿಯುತ್ತದೆ.

ಎರಡು ಆಂಪ್ ಜೋಡಿಸಿದಾಗ ಎರಡು ತೊಂದರೆ ಬರುತ್ತವೆ. ಮೊದಲನೆಯದು, ಕೆಲವು ಪೆಡಲ್‌ಗಳು ಸಿಗ್ನಲನ್ನು ತಲೆಕೆಳಗು ಮಾಡಿ ಕಳಿಸುತ್ತವೆ. ಆಗ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬೇಸ್ ಮಾಯ. ಎರಡೂ ಆಂಪ್ ಆನ್ ಇದ್ದಾಗ ಸದ್ದು ತೆಳುವಾದರೆ ಇದೇ ಕಾರಣ. ಸಿಗ್ನಲನ್ನು ಎರಡು ಮಾಡುವ ಬಾಕ್ಸಿಗೆ ಸ್ಪ್ಲಿಟರ್ ಎನ್ನುತ್ತಾರೆ. ತಲೆಕೆಳಗಾದದ್ದನ್ನು ತಿರುಗಿಸುವ ಫೇಸ್ ಸ್ವಿಚ್ ಅದರಲ್ಲಿದ್ದರೆ ಒಂದು ಸಲ ಒತ್ತಿದರೆ ಸರಿ.

ಎರಡನೆಯದು ಗುಂಯ್. ಎರಡು ಆಂಪ್‌ಗಳ ಅರ್ತ್ ಸೇರಿ ಸುತ್ತು ಆಗುತ್ತದೆ. ಇದನ್ನು ನಿಲ್ಲಿಸಲು ಕೆಲವರು ಪ್ಲಗ್‌ನ ಅರ್ತ್ ಪಿನ್ ಮುರಿಯುತ್ತಾರೆ. ದಯವಿಟ್ಟು, ದಯವಿಟ್ಟು ಅದನ್ನು ಮಾಡಬೇಡಿ. ನೀವು ಹಾಡುವವರು. ಕೈಯಲ್ಲಿ ಬೇಸ್‌ನ ಕಬ್ಬಿಣದ ತಂತಿ, ತುಟಿಗೆ ಮೈಕ್. ನಡುವೆ ಕರೆಂಟ್ ಹರಿದರೆ ಜೀವಕ್ಕೇ ಅಪಾಯ. ಮಳೆಗಾಲದ ಸ್ಟೇಜ್‌ನಲ್ಲಿ ಒಬ್ಬ ಹುಡುಗನಿಗೆ ಶಾಕ್ ಹೊಡೆದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಬಾಕ್ಸ್ ತೆಗೆದುಕೊಳ್ಳಿ, ಅಥವಾ ಡಿಐ ಬಾಕ್ಸ್‌ನಲ್ಲಿ ಆ ಸುತ್ತನ್ನು ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಬಳಸಿ. ಅದು ಸುರಕ್ಷಿತ.

ನಾಲ್ಕು ತಂತಿ, ಕುಂಬಳೆ:

ಪೂರ್ತಿ ಒಪ್ಪಿದೆ. ಬಜೆಟ್ ವಿಷಯಕ್ಕೆ ಹೇಳುವುದಾದರೆ, ಬಾಸ್‌ನ ಎಲ್‌ಎಸ್-2 ಎಂಬ ಪೆಡಲ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಒಂದೇ ಆಂಪ್‌ನಲ್ಲೂ ಶುದ್ಧ ದಾರಿ ಮತ್ತು ಫಝ್ ದಾರಿ ಎರಡನ್ನೂ ಸೇರಿಸಬಹುದು. ಎಲೆಕ್ಟ್ರೋ ಹಾರ್ಮೊನಿಕ್ಸ್‌ನ ಮೈಕ್ರೋ ಪಾಗ್ ಆದರೆ ಅದರಲ್ಲೇ ಎರಡು ಔಟ್‌ಪುಟ್ ಇದೆ, ಒಂದು ಶುದ್ಧ, ಒಂದು ಆಕ್ಟೇವ್. ಸ್ವಲ್ಪ ದುಬಾರಿ. ಈ ವರ್ಷ ಬೇಸ್, ಮುಂದಿನ ವರ್ಷ ಅದು.

ಬೇರೆ ಜೋಡಿಗಳನ್ನೂ ಕೇಳಿ. ಕೆನಡಾದ ಡೆತ್ ಫ್ರಮ್ ಎಬವ್ 1979ರಲ್ಲಿ ಹಾಡುವವನು ಡ್ರಮ್ಮರ್. ಭಾವ ಗಮನಿಸಲಿ. ಅಮೆರಿಕದ ಲೈಟ್ನಿಂಗ್ ಬೋಲ್ಟ್‌ನ ಬ್ರಯಾನ್ ಗಿಬ್ಸನ್ ಬೇಸ್‌ಗೆ ಚೆಲ್ಲೋದ ಹಾಗೆ ಶ್ರುತಿ ಮಾಡುತ್ತಾರೆ, ಮೇಲಿನ ತಂತಿಗೆ ಬ್ಯಾಂಜೋ ತಂತಿ ಹಾಕುತ್ತಾರೆ. ಜೋಡಿಯಾಗಿ ಶುರುವಾದ ಓಮ್ ಎಂಬ ಬ್ಯಾಂಡ್ ರಿಕನ್‌ಬ್ಯಾಕರ್ ಬೇಸ್‌ನಲ್ಲಿ ಒಂದೇ ಧಾಟಿಯನ್ನು ಹತ್ತು ಹತ್ತು ನಿಮಿಷ ನಿಧಾನಕ್ಕೆ ಎಳೆಯುತ್ತದೆ. ಒಂದೇ ಕೆಲಸಕ್ಕೆ ಎಷ್ಟು ದಾರಿ ನೋಡಿ.

ಬಾಯಾರು ಬಡಗಿ:

ಮರದ ಕೆಲಸದವನು ನಾನು. ಗಿಟಾರ್‌ನ ನೆಕ್ ಸರಿ ಮಾಡುವುದನ್ನು ಕಲಿತಿದ್ದೇನೆ. ಯಾವ ಬೇಸ್ ಆದರೂ ಅಂಗಡಿಯಲ್ಲಿ ಇದನ್ನು ನೋಡಿ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈ ಒತ್ತಿ ಹಿಡಿಯಿರಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಏನೂ ಸಂದು ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಜಾಸ್ತಿ ಇದ್ದರೆ ಮುಂದಕ್ಕೆ. ನೆಕ್‌ನೊಳಗಿನ ಲೋಹದ ಸರಳು, ಟ್ರಸ್ ರಾಡ್, ಅದನ್ನು ತಿರುಗಿಸಿ ಸರಿ ಮಾಡಬಹುದು. ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಿ. ಅಂಗಡಿಯಲ್ಲೇ ಟ್ರಸ್ ರಾಡ್ ತಿರುಗುತ್ತದೆಯಾ ಎಂದು ಖಾತ್ರಿ ಮಾಡಿಕೊಳ್ಳಿ. ಜಾಮ್ ಆಗಿದ್ದರೆ ಆ ಬೇಸ್ ಬೇಡವೇ ಬೇಡ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಒಣಗುತ್ತದೆ. ವರ್ಷಕ್ಕೆ ಎರಡು ಸಲ ನೆಕ್ ನೋಡಲೇಬೇಕು. ತಗಡಿನ ಶೀಟಿನ ಕೆಳಗೆ ಮಾತ್ರ ಇಡಬೇಡಿ, ಮಧ್ಯಾಹ್ನದ ಕಾವು, ರಾತ್ರಿಯ ತೇವ, ಎರಡೂ ಕೆಟ್ಟದ್ದು. ಅಭ್ಯಾಸ ಮುಗಿಸಿ ಮನೆಯೊಳಗೆ ತನ್ನಿ. ನಿಮ್ಮ ಹಳೆಯ ಬೇಸ್‌ನ ನೆಕ್ ಬಾಗಿದ್ದೂ ಅಲ್ಲೇ ಇರಬೇಕು. ಅದನ್ನೂ ಎಸೆಯಬೇಡಿ, ಒಂದು ದಿನ ಬಾಯಾರಿಗೆ ತನ್ನಿ, ನೋಡುತ್ತೇನೆ.

ಅಡಿಕೆಕೊಟ್ಟಿಗೆ, ಬದಿಯಡ್ಕ:

ನಿನ್ನೆ ಇಬ್ಬರೂ ಮಂಗಳೂರಿಗೆ ಹೋಗಿ ಬಂದೆವು. ಎಲ್ಲ ಬರೆಯುತ್ತೇನೆ, ಮುಂದೆ ತೆಗೆದುಕೊಳ್ಳುವವರಿಗೆ ಉಪಯೋಗ ಆಗಬಹುದು.

ಮೊದಲು ಹೋದ ಅಂಗಡಿಯಲ್ಲಿ ಐದು ತಂತಿಯ ಆ್ಯಕ್ಟಿವ್ ಬೇಸ್ ತೋರಿಸಿ ಇದೇ ತೆಗೆದುಕೊಳ್ಳಿ ಎಂದು ಹಿಂದೆ ಬಿದ್ದರು. ಡ್ರಮ್ಸ್ ಜೊತೆ ನುಡಿಸಿ ನೋಡಬೇಕು ಎಂದರೆ ಬಿಡಲಿಲ್ಲ. ಹೊರಗೆ ಬಂದೆವು. ಎರಡನೇ ಅಂಗಡಿಯವರು ಒಳ್ಳೆಯ ಮನುಷ್ಯರು. ಹಿಂದಿನ ಕೋಣೆಯಲ್ಲಿ ಡ್ರಮ್ ಸೆಟ್ ಇತ್ತು, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಬನ್ನಿ ಎಂದರು.

ನಾಲ್ಕು ಬೇಸ್ ನೋಡಿದೆವು. ಒಂದು ಜಾಝ್ ತರಹದ್ದು, ಎರಡು ಹಂಬಕರ್ (ಗುಂಯ್ ಕಳೆಯುವ ಜೋಡಿ ಸುರುಳಿಯ ಪಿಕಪ್) ಇರುವ ಆ್ಯಕ್ಟಿವ್ ಒಂದು, ಒಂದು 30 ಇಂಚಿನದು, ಒಂದು ಸ್ಕ್ವಯರ್ ಪಿಜೆ. ಮೊದಲು ಒಬ್ಬನೇ ನುಡಿಸಿದೆ. ಆ್ಯಕ್ಟಿವ್ ಬೇಸ್ ಕೇಳಿ ಮನಸ್ಸು ಕರಗಿತು. ಕೆಳಗೆ ಅಷ್ಟು ದೊಡ್ಡ ನಾದ, ಮೇಲೆ ಗಾಜಿನ ಹಾಗೆ ಮಿಂಚು. ಪಿಜೆ ಅದರ ಮುಂದೆ ತೀರಾ ಸಾದಾ. ಬೇಡ ಅನಿಸಿಬಿಟ್ಟಿತ್ತು.

ಆಮೇಲೆ ಭಾವ ಕೂತ. ಅದೇ ಹಾಡು, ಅದೇ ವಾಲ್ಯೂಮ್. ಆ್ಯಕ್ಟಿವ್ ಬೇಸ್‌ನ ಕೆಳಗಿನ ನಾದ ಕಿಕ್ ಡ್ರಮ್ಮಿನೊಳಗೆ ಹೋಯಿತು, ಮೇಲಿನ ಮಿಂಚು ಸಿಂಬಲ್‌ನೊಳಗೆ ಹೋಯಿತು. ನಡುವೆ ನಾನು ಏನು ನುಡಿಸುತ್ತಿದ್ದೇನೆ ಎಂದು ನನಗೇ ಕೇಳಲಿಲ್ಲ. ಪಿಜೆ ಹಿಡಿದೆ, ಪಿ ಪಿಕಪ್ ಪೂರ್ತಿ, ಟೋನ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ಸ್ನೇರ್ ಜೊತೆ ಜೊತೆಗೆ ಪ್ರತಿ ಸ್ವರವೂ ಎದ್ದು ನಿಂತಿತು. ಭಾವ ಆ ಕಡೆ ಮುಖ ಮಾಡಿ ಕೂತಿದ್ದ, ನಾನು ಯಾವುದು ಹಿಡಿದಿದ್ದೇನೆ ಎಂದು ನೋಡಿರಲಿಲ್ಲ. ನುಡಿಸುತ್ತಿರುವಾಗಲೇ "ಇದು, ಇದು" ಎಂದು ಕೂಗಿದ.

30 ಇಂಚಿನದ್ದರಲ್ಲಿ ಆ ಜಿ ಹಿಡಿತ ನಿಜವಾಗಿ ಸುಲಭ ಅಕ್ಕಾ. ಹಾಡುತ್ತಾ ನುಡಿಸಲು ಅದೇ ಹಿತ. ಆದರೆ ಡಿ ಗೆ ಇಳಿಸಿದ ಕೂಡಲೇ ತಂತಿ ಜೋತಿತು. ನಮ್ಮ ಹಾಡುಗಳಿಗೆ ಅದು ಆಗುವುದಿಲ್ಲ ಎಂದು ಬೇಸರದಿಂದಲೇ ವಾಪಸ್ ಇಟ್ಟೆ.

ಪಿಜೆ ತೆಗೆದುಕೊಂಡೆವು. ವಿಸಿಟಿಂಗ್ ಕಾರ್ಡ್ ಹಿಡಿದು ನೋಡಿದೆವು, ಟ್ರಸ್ ರಾಡ್ ತಿರುಗಿಸಿ ತೋರಿಸಿದರು. ತಂತಿ ಸ್ವಲ್ಪ ದಪ್ಪದ್ದು, 50ರಿಂದ 110ರ ಸೆಟ್, ಕೋಟಿಂಗ್ ಇರುವುದು. ಉಳಿದ ದುಡ್ಡಿಗೆ ಡಿಐ ಬಾಕ್ಸ್ ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಕುಂಬಳೆಯ ತನಕ ಇಬ್ಬರೂ ಮಾತೇ ಆಡಲಿಲ್ಲ, ಬ್ಯಾಗನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದೆವು.

ಕಿರುಬೆರಳು, ಮಂಜೇಶ್ವರ:

ತುಂಬಾ ಖುಷಿಯಾಯಿತು. ಡ್ರಮ್ಸ್ ಜೊತೆ ನುಡಿಸಿ ನೋಡಿ ತೆಗೆದುಕೊಂಡಿರಿ, ಅದು ಸರಿಯಾದ ರೀತಿ. ಆ ಹಿಡಿತ ಮಾತ್ರ ಬಿಡಬೇಡಿ, 34 ಇಂಚಿನಲ್ಲಿ ಬೆರಳು ಒಂದು ತಿಂಗಳು ನೋಯುತ್ತದೆ, ಆಮೇಲೆ ಸರಿಯಾಗುತ್ತದೆ.

ಅಡಿಕೆಕೊಟ್ಟಿಗೆ, ಬದಿಯಡ್ಕ:

ಇವತ್ತು ಮೊದಲ ಸಲ ಎರಡೂ ಆಂಪ್ ಜೋಡಿಸಿದೆವು. ಕುಂಬಳೆಯ ಅಣ್ಣ ತಮ್ಮ ಹಳೆಯ ಸ್ಪ್ಲಿಟರ್ ಮತ್ತು ಆಕ್ಟೇವ್ ಪೆಡಲ್ ಎರಡು ವಾರಕ್ಕೆ ಕೊಟ್ಟಿದ್ದಾರೆ. ಗಿಟಾರ್ ಆಂಪ್‌ನ ಧೂಳು ಒರೆಸಿ ಆನ್ ಮಾಡಿದೆ. ಅವನು ಕೊನೆಯ ದಿನ ಇಟ್ಟಿದ್ದ ಸೆಟ್ಟಿಂಗ್ ಹಾಗೆಯೇ ಇತ್ತು. ಬೇಸ್ ನಾಬ್ ಒಂದನ್ನು ಇಳಿಸಿ ಉಳಿದದ್ದನ್ನು ಮುಟ್ಟಲಿಲ್ಲ. ಮೊದಲು ತೆಳು ಕೇಳಿಸಿತು, ಉಪ್ಪಳದ ಅಣ್ಣ ಹೇಳಿದ ಹಾಗೆ ಫೇಸ್ ಸ್ವಿಚ್ ಒತ್ತಿದೆ. ಕೊಟ್ಟಿಗೆಯ ತಗಡು ನಡುಗಿತು.

ಫೋನಿನಲ್ಲಿ ರೆಕಾರ್ಡ್ ಮಾಡಿ ದುಬೈಗೆ ಕಳಿಸಿದೆ. ಗಿಟಾರ್ ಯಾರು ನುಡಿಸಿದ್ದು ಎಂದು ಕೇಳಿದ.

ಒಂದೇ ತೊಂದರೆ, ಎರಡು ಆಂಪ್ ಇದ್ದಾಗ ಗುಂಯ್ ಎನ್ನುತ್ತಿದೆ. ಸ್ಪ್ಲಿಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ ಅನಿಸುತ್ತದೆ. ಅರ್ತ್ ಪಿನ್ ಮುಟ್ಟಿಲ್ಲ.

ಉಪ್ಪಳ ಸೌಂಡ್:

ಮುಟ್ಟಬೇಡಿ. ಮೊದಲು ಎರಡೂ ಆಂಪನ್ನು ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿ ನೋಡಿ. ಕೊಟ್ಟಿಗೆಯ ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಮನೆಯವರನ್ನು ಕೇಳಿಟ್ಟುಕೊಳ್ಳಿ. ಶನಿವಾರ ಪೆರ್ಲದಲ್ಲಿ ಒಂದು ಕಾರ್ಯಕ್ರಮ ಇದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಟೆಸ್ಟರ್ ಮತ್ತು ಒಂದು ಟ್ರಾನ್ಸ್‌ಫಾರ್ಮರ್ ಬಾಕ್ಸ್ ಹಿಡಿದುಕೊಂಡು ಆ ದಾರಿಯಲ್ಲೇ ಬರುತ್ತೇನೆ.

ಎರಡು ಕೋಲು, ಬದಿಯಡ್ಕ:

ಬನ್ನಿ ಅಣ್ಣ, ಊಟಕ್ಕೇ ಬನ್ನಿ. ಮದ್ದಳೆ ಮಾವ, ನೀವೂ ಬರುತ್ತೀರಾ? ಫ್ಲೋರ್ ಟಾಮ್‌ನ ಶ್ರುತಿ ನಿಮ್ಮ ಕಿವಿಯಲ್ಲಿ ಒಮ್ಮೆ ನೋಡಬೇಕಿತ್ತು.

ಮದ್ದಳೆ ಮನೆ, ಮುಳ್ಳೇರಿಯ:

ಶನಿವಾರ ರಾತ್ರಿ ಆಟ ಇದೆ. ಸಂಜೆ ನಾಲ್ಕರ ತನಕ ಇರಬಹುದು. ಮದ್ದಳೆಯನ್ನೂ ತರುತ್ತೇನೆ.